ಏಳು ಗೇಣು ಇಳಿಜಾರು

ಶನಿವಾರ ಬೆಳಿಗ್ಗೆ ನಾನು ನೀಲಿ ರೆಕ್ಸಿನ್ ಹಾಸಿಕೊಂಡು ಸೀಟಿನ ಅಳತೆಗೆ ಗೆರೆ ಎಳೆಯುತ್ತಿದ್ದಾಗ ಮೈದಾನ ಕಾಯುವ ಸಣ್ಣೀರಪ್ಪ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ. ಕೈಯಲ್ಲಿ ಹಾಕಿ ಚೆಂಡಿತ್ತು.

“ಅಕ್ಕಾ, ಬಾಲು ನಿಲ್ತಿಲ್ಲ,” ಎಂದ.

“ಎಷ್ಟು?”

“ಏಳು ಗೇಣು. ಮೂರು ಸಲ ಇಟ್ಟು ನೋಡ್ದೆ. ನಮ್ಮ ಗೋಲಿನ ಕಡೀಗೇ ಹೋಗ್ತೈತೆ.”

ನಾನು ಸೀಮೆಸುಣ್ಣ ಕೆಳಗಿಟ್ಟೆ. ಏಳು ಗೇಣೆಂದರೆ ಏಳು ಪಾಲು ಹೆಚ್ಚಾಗಿದೆ ಎಂದರ್ಥ. ನನ್ನ ಪುಸ್ತಕದಲ್ಲಿ ಮೊತ್ತ ಸರಿಯಾಗಿ ನೂರಿತ್ತು. ಹಿಂದಿನ ದಿನ ನಾಲ್ಕು ಸಲ ಕೂಡಿ ನೋಡಿದ್ದೆ.

ನಮ್ಮ ಸುತ್ತಿನ ಏಳು ಊರುಗಳಲ್ಲೂ ಹೆಣ್ಣುಮಕ್ಕಳ ಹಾಕಿ ತಂಡಗಳಿವೆ. ತಂಡಕ್ಕೆ ನೂರು ಪಾಲು. ಸಂಬಳ, ಅಕ್ಕಿ, ಬಾಡಿಗೆ ಮನೆ, ರಜೆ, ಬಸ್ ಪಾಸು, ಬೂಟು, ಹೀಗೆ ಆಟಗಾರ್ತಿಗೆ ಕೊಡುತ್ತೇವೆಂದು ಒಪ್ಪಿದ್ದೆಲ್ಲ ಪಾಲಿನ ಲೆಕ್ಕಕ್ಕೆ ಬರುತ್ತದೆ. ಹದಿನಾರು ಜನರದೂ ಸೇರಿ ನೂರು ಮೀರಬಾರದು. ಮೀರಿದರೆ ದಂಡ ಹಾಕಲು ಯಾರೂ ಬರುವುದಿಲ್ಲ, ಮೈದಾನವೇ ವಾಲುತ್ತದೆ. ಹೆಚ್ಚಾದ ಪಾಲಿಗೊಂದು ಗೇಣಿನಂತೆ ಚೆಂಡು ತಾನಾಗಿ ಆ ತಂಡದ ಗೋಲಿನತ್ತ ಉರುಳುತ್ತದೆ. ಅರ್ಧ ಆಟವಾಗಿ ಕಡೆ ಬದಲಾಯಿಸಿದರೆ ಇಳಿಜಾರೂ ಅವರ ಹಿಂದೆಯೇ ಕಡೆ ಬದಲಾಯಿಸುತ್ತದೆ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ನಮ್ಮವರು ಹದಿನೆಂಟು ಪಾಲು ಮೀರಿ, ಗೋಲ್‌ಕೀಪರ್ ಇಡೀ ಆಟವನ್ನು ಗೋಲಿನ ಕಂಬಕ್ಕೆ ಒರಗಿಕೊಂಡೇ ಆಡಿದ್ದಳು. ಮೈದಾನದ ಬದಿಯ ಟೀ ಅಂಗಡಿಯವನು ಒಲೆಯ ಕಾಲಿಗೆ ಕೊಡಲು ಎರಡು ಇಟ್ಟಿಗೆ ಸದಾ ಇಟ್ಟುಕೊಂಡಿರುತ್ತಾನೆ. ಕಿತ್ತಳೆ ಮಾರುವವಳು ಬುಟ್ಟಿ ಸುರಿಯುವ ಮೊದಲು ಒಂದು ಹಣ್ಣನ್ನು ನೆಲದ ಮೇಲೆ ಬಿಟ್ಟು ನೋಡುತ್ತಾಳೆ.

ಬರೆದುಕೊಟ್ಟದ್ದಷ್ಟೇ ಅಲ್ಲ, ಬಾಯಿಮಾತೂ ತೂಗುತ್ತದೆ. ಅದಕ್ಕೇ ನಮ್ಮ ಊರಲ್ಲಿ ಆಟಗಾರ್ತಿಯರಿಗೆ ಯಾರೂ ಮಾತು ಕೊಡುವುದಿಲ್ಲ. ಕೊಡುವುದಿದ್ದರೆ ಆಗಲೇ ಕೈಗೆ ಕೊಟ್ಟುಬಿಡುತ್ತಾರೆ, ಇಲ್ಲದಿದ್ದರೆ ಸುಮ್ಮನಿರುತ್ತಾರೆ. ನಮ್ಮ ಲೆಫ್ಟ್ ಹಾಫ್ ಹುಡುಗಿಗೆ ನಿಶ್ಚಿತಾರ್ಥ ಮಾಡಲು ಆಕೆಯ ಮನೆಯವರು ಹೆದರಿದರು. ಒಂದು ಬುಧವಾರ ಮಧ್ಯಾಹ್ನ ನೇರವಾಗಿ ಮದುವೆಯೇ ಆಗಿಹೋಯಿತು. ಪಾಯಸಕ್ಕೆ ಗೋಡಂಬಿ ತರಲೂ ಪುರುಸೊತ್ತಿರಲಿಲ್ಲ.

ಈ ಪಾಲು ಹಂಚುವ ಕೆಲಸ ಆರು ವರ್ಷದಿಂದ ನನ್ನದು. ನಾನು ಹಾಕಿ ಆಡಿದವಳಲ್ಲ. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸೀಟಿಗೆ ರೆಕ್ಸಿನ್ ಕತ್ತರಿಸುವವಳು. ಒಂದು ಸುರುಳಿಯಲ್ಲಿ ಉಳಿದವರು ಮೂವತ್ತೆಂಟು ಸೀಟು ತೆಗೆದರೆ ನಾನು ನಲವತ್ತೆರಡು ತೆಗೆಯುತ್ತೇನೆ. ಕಾರ್ಖಾನೆಯ ಮಾಲೀಕರಾದ ಕೊಟ್ರೇಶಪ್ಪನವರೇ ಹಾಕಿ ಕ್ಲಬ್ಬಿಗೂ ಅಧ್ಯಕ್ಷರು. “ಅಷ್ಟು ಬಟ್ಟೇಲಿ ಅಷ್ಟು ಸೀಟು ಹೊಂದಿಸ್ತಾಳೆ ಅಂದ್ರೆ, ನೂರು ಪಾಲಲ್ಲಿ ಹದಿನಾರು ಹುಡುಗೀರ್ನ ಕೂರಿಸಲ್ವಾ ನಮ್ಮ ಅನ್ಸೂಯಾ?” ಎಂದು ಪುಸ್ತಕ ನನ್ನ ಕೈಗಿಟ್ಟರು. ಹೊಲಿಗೆಗೆ ಅಂಚು ಬಿಡುವ ಅಭ್ಯಾಸ ನನಗೆ. ಪಾಲಿನಲ್ಲೂ ಹಾಗೇ ಬಿಡುತ್ತ ಬಂದೆ; ಯಾವ ವರ್ಷವೂ ಎಂಬತ್ತೆಂಟು, ತೊಂಬತ್ತನ್ನು ದಾಟಿರಲಿಲ್ಲ. ಚೆಂಡು ಇಟ್ಟಲ್ಲೇ ನಿಲ್ಲುತ್ತಿತ್ತು.

ಈ ವರ್ಷ ಅಂಚು ಬಿಡಲಾಗಲಿಲ್ಲ. ಕಾರಣ ಜಬೀನಾ, ನಮ್ಮ ಸೆಂಟರ್ ಫಾರ್ವರ್ಡ್. ಪೆನಾಲ್ಟಿ ಕಾರ್ನರ್‌ನಲ್ಲಿ ಅವಳು ಸ್ಟಿಕ್ಕು ಬಗ್ಗಿಸಿ ಚೆಂಡನ್ನು ಎಳೆದು ಬಿಟ್ಟಳೆಂದರೆ ಏಳೂರಿನ ಗೋಲ್‌ಕೀಪರುಗಳೂ ಮೊದಲು ಮುಖ ಮುಚ್ಚಿಕೊಳ್ಳುತ್ತಾರೆ. ಅವಳ ಮೂರು ವರ್ಷದ ಒಪ್ಪಂದ ಮುಗಿದಿತ್ತು. ಹಿಂದಿನ ವಾರ ಸೀಟು ಜೋಡಿಸದ ಖಾಲಿ ಬಸ್ಸೊಂದರಲ್ಲಿ ಕೂತು ಇಬ್ಬರೂ ಮಾತಾಡಿದ್ದೆವು. ಅವಳು ಚಕ್ರದ ಉಬ್ಬಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು.

“ಮೂವತ್ತು ಅಕ್ಕ,” ಎಂದಳು.

“ಇಪ್ಪತ್ತಿತ್ತಲ್ಲೇ ನಿಂದು. ಮೂವತ್ತು ನಿನಗೇ ಕೊಟ್ರೆ ನಿನ್ನ ಪಕ್ಕದಲ್ಲಿ ಆಡೋರ್ಯಾರು? ಕಂಬ ನಿಲ್ಲಿಸ್ಲಾ?”

“ಕಂಬ ಆದ್ರೆ ಒಳ್ಳೇದೇ. ಕಂಬಕ್ಕೆ ಹೊಡೆದ ಬಾಲು ವಾಪಸ್ ಬರ್ತೈತೆ. ನಮ್ಮ ಲೆಫ್ಟ್ ಇನ್ ಹತ್ರ ಹೋದದ್ದು ಅದೂ ಬರಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. “ಕೆರೆಯಾಚೆ ಊರಿನೋರು ಮೂವತ್ತೆರಡು ಅಂದಾರೆ. ನಮ್ಮಜ್ಜಿ ಈ ಊರು ಬಿಟ್ಟು ಬರಲ್ಲ, ಅದಕ್ಕೇ ನಿಮಗೆ ಮೂವತ್ತು ಅಂತಿದೀನಿ. ಈ ಮಂಡಿ ಇನ್ನೊಂದ್ ಮೂರು ವರ್ಷ ಬರಬೋದು ಅಕ್ಕ. ಆಮೇಲೆ ನಂಗೆ ಯಾರು ಏನು ಕೊಡ್ತಾರೆ ಹೇಳ್ರಿ.”

ಒಪ್ಪಿಕೊಂಡೆ. ಅವಳಿಗೆ ಏರಿಸಿದ ಹತ್ತು ಪಾಲಿಗೇ ಅಂಚೆಲ್ಲ ಮುಗಿಯಿತು. ಉಳಿದವರಲ್ಲೂ ಕೆಲವರಿಗೆ ಏರಿಸಬೇಕಿತ್ತು, ಅದಕ್ಕೆ ಬೇರೆಯವರಿಂದ ಒಂದೊಂದು ಚೂರು ಕತ್ತರಿಸಬೇಕಾಯಿತು. ಮೊದಲು ಕತ್ತರಿ ಹಾಕಿದ್ದು ನನ್ನ ಮಗಳಿಗೆ. ಹೇಮಿ ನಮ್ಮ ತಂಡದ ಫುಲ್‌ಬ್ಯಾಕ್, ಇಪ್ಪತ್ತು ತುಂಬಿದೆ. ಅವಳದು ಆರು ಪಾಲಿತ್ತು, ಎರಡು ಮಾಡಿದೆ. ಸ್ವಂತ ಮಗಳದ್ದನ್ನು ಮುಟ್ಟದೆ ಇನ್ನೊಬ್ಬರ ಮಗಳ ಪಾಲಿಗೆ ಕೈ ಹಾಕುವುದು ಹೇಗೆ? ಅವಳು ಪುಸ್ತಕದಲ್ಲಿ ಸಹಿ ಮಾಡಿ, “ಸ್ಟಿಕ್ಕಿಗೆ ಸುತ್ತೋ ಟೇಪಾದ್ರೂ ಬರ್ತೈತಲ್ಲ ಇದ್ರಲ್ಲಿ,” ಎಂದಳು, ಅಷ್ಟೆ.

ಕೊನೆಗೆ ಮೊತ್ತ ನೂರಕ್ಕೆ ನೂರು ಬಂತು. ಜಬೀನಾಳ ಸಹಿ ಗುರುವಾರ ಸಂಜೆ ಎಂದಾಯಿತು. ಹೊಸ ಸಹಿಯ ದಿನ ಮಾತ್ರ ಲೀಗಿನವರು ಬಂದು ಮೈದಾನದ ನಡುವೆ ಚೆಂಡಿಟ್ಟು ನೋಡುತ್ತಾರೆ. ಚೆಂಡು ಉರುಳಿದರೆ ತಂಡದ ಅತಿ ದೊಡ್ಡ ಒಪ್ಪಂದ ಅಲ್ಲೇ ರದ್ದಾಗುತ್ತದೆ. ಜಬೀನಾ ಅಜ್ಜಿಯನ್ನು ಬಿಟ್ಟು ಕೆರೆ ದಾಟುತ್ತಾಳೆ, ಅದಾಗಿ ಮೂರು ದಿನಕ್ಕೆ, ಭಾನುವಾರದ ಪಂದ್ಯದಲ್ಲಿ ನಮ್ಮ ವಿರುದ್ಧವೇ ಆಡುತ್ತಾಳೆ.

ಎಲ್ಲಿಂದ ಬಂತು ಈ ಏಳು? ಯಾರೋ ಯಾರಿಗೋ ಮಾತು ಕೊಟ್ಟಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಮರುದಿನ, ಭಾನುವಾರ, ಇಡೀ ದಿನ ಸಣ್ಣೀರಪ್ಪನನ್ನು ಕರೆದುಕೊಂಡು ಮನೆ ಮನೆ ಸುತ್ತಿದೆ. ಸುದ್ದಿ ನಮಗಿಂತ ಮುಂದೆ ಹೋಗುತ್ತಿತ್ತು. ಬೇಕರಿಯವನು ಅಂಗಡಿಯ ಮೆಟ್ಟಿಲಿಳಿದು ಬಂದು, ಗೋಲ್‌ಕೀಪರ್ ಸಿಸಿಲಿಯಾಗೆ ಪೆನಾಲ್ಟಿ ತಡೆದರೆ ಸಾಯುವ ತನಕ ಪುಕ್ಕಟೆ ಬ್ರೆಡ್ ಎಂದು ಹೇಳಿದ್ದೆ, ತಪ್ಪಾಯಿತು ಎಂದು ತಲೆ ತಗ್ಗಿಸಿದ. ಸಿಸಿಲಿಯಾಳನ್ನು ಕರೆಸಿ ಕೇಳಿದರೆ, “ಯಾರ್ ಸಾಯೋ ತನಕ ಅಂತ ಕೇಳ್ದೆ, ಉತ್ತರ ಕೊಡ್ಲಿಲ್ಲ, ಅಲ್ಲಿಗೇ ಬಿಟ್ಟೆ,” ಎಂದಳು. ಬೇಕರಿಯವನು ಎಲ್ಲರೆದುರು ಮಾತು ಹಿಂದೆ ತೆಗೆದುಕೊಂಡ. ಸಣ್ಣೀರಪ್ಪ ಓಡಿಹೋಗಿ ಚೆಂಡಿಟ್ಟು ಬಂದ. ಏಳೇ ಗೇಣು. ರೈಟ್ ವಿಂಗ್ ಹುಡುಗಿಯ ಅತ್ತೆ, ಸೊಸೆಗೆ ಬಳೆ ಮಾಡಿಸುವುದಾಗಿ ಹೇಳಿದ್ದನ್ನು ಸಂತೋಷದಿಂದಲೇ ಹಿಂದೆ ತೆಗೆದುಕೊಂಡಳು. ಆಗಲೂ ಏಳು. ಸಂಜೆಯ ಹೊತ್ತಿಗೆ ಊರಿನ ಅರ್ಧ ಜನ ಕೊಟ್ಟಿದ್ದ, ಕೊಡದಿದ್ದ ಮಾತುಗಳನ್ನೆಲ್ಲ ವಾಪಸ್ ಪಡೆದಿದ್ದರು. ಇದೇ ಸಂದರ್ಭವೆಂದು ಸಾಲ ತೀರಿಸುವ ಮಾತನ್ನೂ ಹಿಂದೆ ಪಡೆಯಲು ಹೋದ ಒಬ್ಬನಿಗೆ ಸಣ್ಣೀರಪ್ಪ ಬೈದು ಕಳಿಸಬೇಕಾಯಿತು.

ಸೋಮವಾರ ಬೆಳಿಗ್ಗೆ ಉಳಿದದ್ದು ಒಬ್ಬರೇ, ಕೊಟ್ರೇಶಪ್ಪನವರು. ಕೇಳಲು ನನಗೆ ಅಂಜಿಕೆ. ಆದರೂ ಕೇಳಿದೆ.

“ಹೇಳಿದೀನಪ್ಪ,” ಎಂದರು ಕುರ್ಚಿಯಲ್ಲಿ ಹಿಂದಕ್ಕೊರಗಿ. “ಜಬೀನಾಗೆ ಅವಳ ಹೆಸರಿಂದೇ ಒಂದು ಬಸ್ಸು ಬಿಡ್ತೀನಿ ಅಂದೀನಿ. ಸಿಸಿಲಿಯಾಗೆ ಮನೆ ಕಟ್ಟಿಸಿಕೊಡ್ತೀನಿ ಅಂದೀನಿ. ಇಡೀ ಟೀಮಿಗೆ ಸಮುದ್ರ ತೋರಿಸ್ತೀನಿ ಅಂದೀನಿ. ಅಧ್ಯಕ್ಷ ಅಂದ್ಮೇಲೆ ಅಷ್ಟೂ ಅನ್ನದಿದ್ರೆ ಹೆಂಗೆ?”

ಬಸ್ಸು, ಮನೆ, ಸಮುದ್ರ! ಇಷ್ಟಿದ್ದರೆ ಎಪ್ಪತ್ತು ಗೇಣು ಉರುಳಬೇಕಿತ್ತು, ಏಳೇ ಯಾಕೆ ಉರುಳಿತು? ಹೊರಗೆ ಬಂದು ಸಣ್ಣೀರಪ್ಪನಿಗೆ ಹೇಳಿದರೆ ಅವನು ಬೀಡಿ ಹಚ್ಚುತ್ತ, “ಅದು ತೂಗಲ್ಲ ಬಿಡಕ್ಕ. ಸಾವ್ಕಾರ್ರು ಹೇಳಿದ್ದನ್ನ ಯಾರು ನಂಬ್ತಾರೆ? ನೆಲಾನೂ ನಂಬಲ್ಲ,” ಎಂದ.

ಅವನು ತಮಾಷೆಗೆ ಅಂದದ್ದು. ನಾನು ರೆಕ್ಸಿನ್ ಮುಂದೆ ಕೂತು ಮಧ್ಯಾಹ್ನದವರೆಗೆ ಅದನ್ನೇ ಯೋಚಿಸಿದೆ. ಹೇಳಿದ್ದು ತೂಗುವುದಿಲ್ಲ, ನಂಬಿದ್ದು ತೂಗುತ್ತದೆ. ಹಾಗಿದ್ದರೆ ನಾನು ಎರಡು ದಿನ ಕೇಳಿದ್ದು ತಪ್ಪು ಜನರನ್ನು. ಕೊಟ್ಟವರನ್ನಲ್ಲ, ಇಟ್ಟುಕೊಂಡವರನ್ನು ಕೇಳಬೇಕಿತ್ತು. ಅಭ್ಯಾಸಕ್ಕೆ ಬಂದ ಆಟಗಾರ್ತಿಯರನ್ನು ಗೇಟಿನ ಬಳಿ ಒಬ್ಬೊಬ್ಬರಾಗಿ ನಿಲ್ಲಿಸಿ ಕೇಳಿದೆ: ಯಾರಾದರೂ ನಿನಗೆ ಏನಾದರೂ ಕೊಡುತ್ತೇನೆಂದು ಹೇಳಿ, ನೀನು ಅದನ್ನು ನಂಬಿ ಕಾಯುತ್ತಿದ್ದೀಯಾ? ಹದಿನೈದು ಜನರೂ ಇಲ್ಲವೆಂದರು. ಲೆಫ್ಟ್ ಹಾಫ್ ಮಾತ್ರ ಗಂಡನ ಹೆಸರೆತ್ತಿದಳು, ಆಮೇಲೆ ಅವಳೇ ತಲೆಯಾಡಿಸಿ ಬೇಡವೆಂದಳು.

ಹದಿನಾರನೆಯವಳನ್ನು ಕೇಳಿದ್ದು ಮನೆಗೆ ಬಂದ ಮೇಲೆ. ಹೇಮಿ ಅಕ್ಕಿ ಆರಿಸುತ್ತಿದ್ದಳು. ಕೇಳಬೇಕೆಂದು ಕೇಳಿದೆನೇ ಹೊರತು ನನ್ನ ಗಮನ ಒಲೆಯ ಮೇಲಿತ್ತು.

“ಹೂಂ, ಒಬ್ರು ಹೇಳಿದಾರೆ,” ಎಂದಳು.

“ಯಾರು?”

“ನೀನು.”

ಮೊರದಿಂದ ಕೈ ತೆಗೆಯದೆ, ತಲೆ ಎತ್ತದೆ, ಅಂಗಡಿಯ ಸಾಮಾನು ಹೇಳುವಂತೆ ಹೇಳಿದಳು. ಒಂದು ಸಲ ಅವಳ ಮ್ಯಾಚನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡುತ್ತೇನೆ ಅಂದದ್ದು. ನನ್ನ ಮಿಷಿನ್ನಿನ ಮೇಲೆ ಅವಳ ಕೈಯಿಂದ ಒಂದು ಸೀಟು ಪೂರ್ತಿ ಹೊಲಿಸುತ್ತೇನೆ ಅಂದದ್ದು. ನಾನು ಸೀಟು ಹಾಕಿದ ಬಸ್ಸಿನಲ್ಲೇ ಇಬ್ಬರೂ ಕೂತು ಕೊನೆಯ ಸ್ಟಾಪಿನವರೆಗೆ ಹೋಗೋಣ ಅಂದದ್ದು. ಡ್ರೈವರ್ ಆಗಿ ಹೋದ ಅವಳಪ್ಪ ಆಚೆ ಊರಲ್ಲೇ ಯಾಕೆ ಉಳಿದುಬಿಟ್ಟ ಎಂದು ದೊಡ್ಡವಳಾದ ಮೇಲೆ ಹೇಳುತ್ತೇನೆ ಅಂದದ್ದು.

“ನಾನು ಹಂಗೆಲ್ಲ ಮಾತು ಕೊಟ್ಟಿಲ್ಲ ಹೇಮಿ. ನೋಡಣ ಅಂದಿರ್ತೀನಿ.”

“ಹೂಂ. ನೋಡಣ ಅಂದೆ. ಅದಕ್ಕೇ ಕಾಯ್ತಿದೀನಿ.”

ದುಡಿಯುವ ತಾಯಂದಿರು ಯಾರನ್ನಾದರೂ ಕೇಳಿ, ನೋಡಣ ಎಂದರೆ ಇಲ್ಲ ಎಂದೇ ಅರ್ಥ. ಇಲ್ಲವೆನ್ನಲು ಮನಸ್ಸಿಲ್ಲದಾಗ, ವಿವರಿಸಲು ತ್ರಾಣವಿಲ್ಲದಾಗ ಹಾಗೆನ್ನುತ್ತೇವೆ. ಮಗುವಿಗೆ ಅದು ಗೊತ್ತಿರುತ್ತದೆ ಎಂದುಕೊಂಡಿದ್ದೆ. ಇವಳು ಒಂದನ್ನೂ ಬಿಡದೆ ಇಟ್ಟುಕೊಂಡಿದ್ದಳು. ವರ್ಷ ವರ್ಷವೂ ನಾನು ಬಿಟ್ಟ ಅಂಚಿನೊಳಗೆ ಅದು ಅಡಗಿ ಕೂತಿತ್ತು. ಈ ವರ್ಷ ಅಂಚಿಲ್ಲದೆ ಹೊರಗೆ ಬಿತ್ತು. ಪುಸ್ತಕದಲ್ಲಿ ಅವಳದು ಎರಡು ಪಾಲು, ನೆಲದ ಲೆಕ್ಕದಲ್ಲಿ ಒಂಬತ್ತು.

ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯಲಿಲ್ಲ. ತಿಳಿದದ್ದು ಒಂದೇ. ಕೊಟ್ಟು ಮುಗಿಸಿದ ಮಾತು ತೂಗುವುದಿಲ್ಲ. ಮೂರು ದಿನವಿತ್ತು.

ಮಂಗಳವಾರ ಕೊಟ್ರೇಶಪ್ಪನವರ ಒಪ್ಪಿಗೆ ಪಡೆದು ಹೇಮಿಯನ್ನು ಶೆಡ್ಡಿಗೆ ಕರೆದುಕೊಂಡು ಹೋದೆ. ಮಿಷಿನ್ ಮುಂದೆ ಕೂರಿಸಿ ಒಂದು ಸೀಟಿನ ಹೊದಿಕೆ ಪೂರ್ತಿ ಅವಳ ಕೈಯಲ್ಲೇ ಹೊಲಿಸಿದೆ. ಅವಳಿಗೆ ಮೂಲೆ ತಿರುಗಿಸಲು ಬರಲಿಲ್ಲ. ಸೂಜಿಯನ್ನು ರೆಕ್ಸಿನ್ನಿನೊಳಗೇ ಬಿಟ್ಟು ಬಟ್ಟೆಯನ್ನು ಮಾತ್ರ ತಿರುಗಿಸುವುದನ್ನು ತೋರಿಸಿದೆ. ಮೂರನೆಯ ಮೂಲೆಗೆ ಕೈ ಕೂತಿತು. ಸೀಟು ಬಿಗಿದಾಗ ಅದರ ಮೇಲೆ ಕೂತು ಎರಡು ಸಲ ಮೇಲೆ ಕೆಳಗೆ ಹಾರಿ ನೋಡಿದಳು. ಆರು ವರ್ಷದವಳಂತೆ ಕಂಡಳು. ಸಂಜೆ ಚೆಂಡು ಆರು ಗೇಣಿಗೆ ಬಂತು.

ಬುಧವಾರ ಹೊಸ ಬಸ್ಸೊಂದರ ಪರೀಕ್ಷೆಯ ಓಟವಿತ್ತು. ಡ್ರೈವರ್‌ಗೆ ಹೇಳಿ ಇಬ್ಬರೂ ಹತ್ತಿದೆವು. ಊರು ದಾಟಿ, ಗೋಣಿಚೀಲದ ಗೋದಾಮುಗಳನ್ನು ದಾಟಿ, ರಸ್ತೆ ಮುಗಿಯುವ ಕೊನೆಯ ಸ್ಟಾಪಿನ ತನಕ ಹೋದೆವು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಒಂದು ಬೇವಿನ ಮರ ಮತ್ತು ಬಸ್ ತಿರುಗಿಸುವಷ್ಟು ಜಾಗ. ಹೇಮಿ ಕಿಟಕಿಯಿಂದ ಕೈ ಹೊರಗೆ ಚಾಚಿ ಎಲೆ ಕಿತ್ತು ನನ್ನ ಮುಡಿಗೆ ಸಿಕ್ಕಿಸಿದಳು. ಹಿಂದೆ ಬರುವಾಗ ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು. ನನ್ನ ತೋಳು ಜೋಮು ಹಿಡಿದರೂ ಅಲುಗಾಡಲಿಲ್ಲ.

ಬಸ್ಸು ಮೈದಾನದ ಬಳಿ ನಿಂತಾಗ ನಾನು ಇಳಿದು ನೇರವಾಗಿ ಗೇಟಿಗೆ ಹೋದೆ. ಸಣ್ಣೀರಪ್ಪ ದೂರದಿಂದಲೇ ನಾಲ್ಕು ಬೆರಳು ತೋರಿಸಿದ. ನನ್ನ ಮುಖ ಅರಳಿರಬೇಕು. ತಿರುಗಿದರೆ ಹೇಮಿ ಹಿಂದೆ ನಿಂತಿದ್ದಳು. ನಿದ್ದೆಗಣ್ಣು ಪೂರ್ತಿ ಬಿಟ್ಟಿರಲಿಲ್ಲ.

“ನಾಲ್ಕಾ?” ಎಂದಳು.

“ನಾಲ್ಕು. ಇನ್ನು ನಿಮ್ಮಪ್ಪನ ವಿಷಯ ಐತೆ. ಅದನ್ನ ಇವತ್ತು ರಾತ್ರಿ ಹೇಳಿಬಿಡ್ತೀನಿ. ಮ್ಯಾಚ್ ನೋಡೋದೊಂದು ಉಳೀತದೆ, ಅದಕ್ಕೇನು ಮಾಡೋದೋ ಗೊತ್ತಾಗ್ತಿಲ್ಲ. ನಾಳೆ ಬೆಳಿಗ್ಗೆ ನೀವು ನೀವೇ ಆಡೋ ಆಟ ನೋಡಿದ್ರೆ ಲೆಕ್ಕಕ್ಕೆ ಬರ್ತೈತಾ?”

ಅವಳು ಮೆಲ್ಲಗೆ ಕೇಳಿದಳು. “ಅಮ್ಮಾ, ಇದೆಲ್ಲ ನೀನು ನನಗೆ ಕೊಡ್ತಿರೋದಾ, ಗ್ರೌಂಡಿಗೆ ಕೊಡ್ತಿರೋದಾ?”

ನಿನಗೇ ಎಂದು ಥಟ್ಟನೆ ಹೇಳಬಹುದಿತ್ತು. ಹೆಗಲ ಮೇಲೆ ಅವಳು ಮಲಗಿದ್ದಾಗ ಅದು ನಿಜವೂ ಆಗಿತ್ತು. ಆದರೆ ಗೇಟಿಗೆ ಓಡಿದ್ದೂ ನಾನೇ. “ನನಗೂ ಗೊತ್ತಾಗ್ತಿಲ್ಲ ಕಣೆ,” ಎಂದೆ.

ಅವಳು ತಲೆಯಾಡಿಸಿ ಮನೆಯ ಕಡೆ ನಡೆದಳು. ಆ ರಾತ್ರಿ ಅಪ್ಪನ ವಿಷಯ ತೆಗೆಯಲು ಹೋದಾಗ, “ಬೇಡಮ್ಮ, ನಿನಗೆ ಸುಸ್ತಾಗಿರ್ತೈತೆ,” ಎಂದು ದೀಪ ಆರಿಸಿದಳು.

ಗುರುವಾರ ನಾನು ಮುಖ ತೊಳೆಯುವ ಮೊದಲೇ ಸಣ್ಣೀರಪ್ಪ ಬಾಗಿಲು ಬಡಿದ. ಕೆನ್ನೆಯ ತುಂಬ ನಗು. “ಅಕ್ಕಾ, ನಿಂತೈತೆ. ಇಟ್ಟಲ್ಲೇ ನಿಂತೈತೆ. ಐದು ಸಲ ಇಟ್ಟೆ, ಒಂದು ಕೂದಲೆಳೆನೂ ಸರೀಲಿಲ್ಲ. ಏನು ಮಾಡಿದ್ರಿ?”

ನಾನೇನೂ ಮಾಡಿರಲಿಲ್ಲ. ಎರಡು ಮಾತು ಇನ್ನೂ ಹಾಗೇ ಇದ್ದವು. ಕೊಡದ ಮಾತು ತೂಕ ಕಳೆದುಕೊಳ್ಳುವುದು ಒಂದೇ ರೀತಿಯಲ್ಲಿ, ಕಾಯುತ್ತಿದ್ದವರು ನಂಬುವುದನ್ನು ಬಿಟ್ಟಾಗ. ಸಣ್ಣೀರಪ್ಪನೇ ಅದನ್ನು ತಮಾಷೆಗೆ ಹೇಳಿದ್ದ, ಈಗ ಮರೆತಿದ್ದ. ಒಳಗೆ ಹೇಮಿ ಎಂದಿನಂತೆ ಬೂಟಿನ ದಾರ ಕಟ್ಟುತ್ತಿದ್ದಳು. ಈಗ ನಾನೂ ಅವಳಿಗೆ ಕೊಟ್ರೇಶಪ್ಪನವರಂತೆಯೇ ಆಗಿದ್ದೆ.

ಸಂಜೆ ಲೀಗಿನವರು ಬಂದರು, ಚೆಂಡಿಟ್ಟರು. ಅದು ಮೊಳೆ ಹೊಡೆದಂತೆ ನಿಂತಿತು. ಜಬೀನಾ ಸಹಿ ಮಾಡಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ನಮ್ಮಜ್ಜಿ ಹೆಸರಲ್ಲಿ ಒಂದು ದೊಡ್ಡ ನಮಸ್ಕಾರ ಅಕ್ಕ,” ಎಂದಳು. ಟೀ ಅಂಗಡಿಯವನು ಇಟ್ಟಿಗೆಗಳನ್ನು ಒಳಗಿಟ್ಟ. ಕೊಟ್ರೇಶಪ್ಪನವರು ನನಗೆ ಹೊಸ ಮಿಷಿನ್ ತರಿಸಿಕೊಡುತ್ತೇನೆಂದರು. ಯಾರೂ ನಂಬಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಹೇಮಿ ಮುನಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಮುನಿಯಲಿಲ್ಲ. ನನಗೆ ಮೊದಲು ಬಡಿಸಿದಳು, ಸಾಕಾ ಎಂದು ಕೇಳಿದಳು, ಮನೆಗೆ ಬಂದ ನೆಂಟರನ್ನು ನೋಡಿಕೊಳ್ಳುವಷ್ಟು ಮರ್ಯಾದೆಯಿಂದ ನನ್ನನ್ನು ನೋಡಿಕೊಂಡಳು. ತಡೆಯಲಾರದೆ ಹೇಳಿದೆ. “ಭಾನುವಾರ ನಿನ್ನ ಮ್ಯಾಚ್ ಪೂರ್ತಿ ಕೂತು ನೋಡ್ತೀನಿ ಹೇಮಿ. ಲೆಕ್ಕಕ್ಕಲ್ಲ. ಲೆಕ್ಕ ಮುಗೀತು.”

“ಆಯ್ತಮ್ಮ,” ಎಂದಳು.

ಶುಕ್ರವಾರ ಬೆಳಿಗ್ಗೆ ಯಾರೂ ಏಳುವ ಮೊದಲು ಮೈದಾನಕ್ಕೆ ಹೋಗಿ ನಾನೇ ಚೆಂಡಿಟ್ಟೆ. ಉರುಳಲಿ ಎಂದು ಬೇಡಿಕೊಂಡು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದವಳು ಇಡೀ ಊರಲ್ಲಿ ನಾನೊಬ್ಬಳೇ. ಅದು ಅಲುಗಲಿಲ್ಲ. ಶನಿವಾರವೂ ಹೋದೆ, ಅಲುಗಲಿಲ್ಲ.

ಭಾನುವಾರ ಕೆರೆಯಾಚೆಯವರ ಜೊತೆ ಪಂದ್ಯ. ಆಟ ನಡೆಯುವಾಗ ಪಾಲಿನ ಪುಸ್ತಕ ಇಟ್ಟುಕೊಂಡವರು ಗೇಟಿನಲ್ಲೇ ನಿಂತಿರಬೇಕು. ಎದುರು ತಂಡದವರು ಯಾವಾಗ ಬೇಕಾದರೂ ಬಂದು ಕೇಳುತ್ತಾರೆ. ಆರು ವರ್ಷ ನಾನು ಕೇಳಿದ್ದು ಆಟದ ಸದ್ದನ್ನು ಮಾತ್ರ. ಅಂದು ಪುಸ್ತಕವನ್ನು ಸಣ್ಣೀರಪ್ಪನ ಕಂಕುಳಿಗೆ ತುರುಕಿ ಗ್ಯಾಲರಿಯ ಮೂರನೆಯ ಮೆಟ್ಟಿಲಲ್ಲಿ, ಬಿಸಿಲಲ್ಲಿ ಕೂತೆ.

“ಅನ್ಸೂಯಕ್ಕ ಕೂತಾಳೆ,” ಎಂದರು ಹಿಂದಿನವರು. “ಹುಷಾರಿಲ್ವೇನೋ ಪಾಪ.”

ನನ್ನ ಮಗಳು ಹೇಗೆ ಆಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಗಡಿಬಿಡಿ ಮಾಡುವುದಿಲ್ಲ. ಎದುರಿನವಳು ಎಲ್ಲಿಗೆ ಹೋಗುತ್ತಾಳೋ ಅಲ್ಲಿ ಒಂದು ಹೆಜ್ಜೆ ಮುಂಚೆ ನಿಂತಿರುತ್ತಾಳೆ, ಚೆಂಡು ತಾನಾಗಿ ಬಂದು ಅವಳ ಸ್ಟಿಕ್ಕಿಗೆ ಸಿಗುತ್ತದೆ. ಇದಕ್ಕೆ ನಾನು ಎರಡು ಪಾಲು ಬರೆದಿದ್ದೆ. ಜಬೀನಾ ಎರಡು ಗೋಲು ಹೊಡೆದಳು. ಅವರು ಒಂದೂ ಹೊಡೆದಿರಲಿಲ್ಲ. ನೆಲ ತಟ್ಟೆಯಂತೆ ಸಮನಾಗಿತ್ತು.

ಅರ್ಧ ಆಟವಾದಾಗ ಹೇಮಿ ನಿಂಬೆ ಪಾನಕದ ಲೋಟ ಹಿಡಿದು ಗ್ಯಾಲರಿಯ ಕೆಳಗೆ ಬಂದಳು.

“ಇಲ್ಲೇ ಕೂತಿದೀಯಾ?”

“ಹೂಂ.”

“ಶುರುವಿಂದ್ಲೂ?”

“ಶುರುವಿಂದ್ಲೂ. ಆ ಏಳನೇ ನಂಬರಿನೋಳು ನಿನ್ನ ಕಾಲಿಗೆ ಹೊಡೆದಳಲ್ಲ, ಅಂಪೈರ್ ನೋಡ್ಲೇ ಇಲ್ಲ.”

ಅವಳು ಪಾನಕ ಮುಗಿಸಿ, ಲೋಟದ ತಳ ನೋಡುತ್ತ ಕೇಳಿದಳು. “ಸಂಜೆ ಕ್ಲಬ್ಬಲ್ಲಿ ಊಟ ಐತಂತೆ. ನಿನಗೆ ಬರೆಯೋ ಕೆಲಸ ಇರ್ತೈತೇನೋ.”

“ನಾನು ಹೋಗಲ್ಲ. ಸಂಜೆ ಮನೇಲಿರ್ತೀನಿ.”

ಅವಳು ಲೋಟ ನನ್ನ ಕೈಗೆ ಕೊಟ್ಟು ಓಡಿದಳು.

ಎರಡನೆಯ ಅರ್ಧದಲ್ಲಿ ಐದು ನಿಮಿಷವಾಗಿರಬೇಕು. ನಮ್ಮವಳೊಬ್ಬಳು ಫ್ರೀ ಹಿಟ್ ಹೊಡೆಯಲು ಚೆಂಡು ನಿಲ್ಲಿಸಿ ಹಿಂದೆ ಸರಿದಳು. ಯಾರೂ ಮುಟ್ಟದೆ ಚೆಂಡು ನಮ್ಮ ಗೋಲಿನತ್ತ ಮೆಲ್ಲಗೆ ಹೊರಟಿತು. ಗ್ಯಾಲರಿ ಉಸಿರು ಬಿಗಿಹಿಡಿಯಿತು. ಟೀ ಅಂಗಡಿಯವನು ಇಟ್ಟಿಗೆ ಹುಡುಕಲು ಓಡಿದ. ಕಿತ್ತಳೆಯವಳು ಸೆರಗು ಹಾಸಿ ಹಣ್ಣುಗಳನ್ನು ತಡೆದಳು. ಅಷ್ಟು ಜನರ ನಡುವೆ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಅಳು ಬಂದಿತ್ತೋ ನಗು ಬಂದಿತ್ತೋ, ಯಾರಿಗೂ ಕಾಣಬಾರದಿತ್ತು.

ಹೇಮಿ ಆ ಇಳಿಜಾರಿನ ವಿರುದ್ಧ ಪ್ರಾಣ ಪಣಕ್ಕಿಟ್ಟು ಆಡಿದಳು. ಎರಡು ಸಲ ಗೋಲಿನ ಗೆರೆಯ ಮೇಲಿಂದ ಚೆಂಡು ಬಾಚಿದಳು. ಆದರೂ ಮೂರು ಒಳಗೆ ಹೋದವು. ಮೂರಕ್ಕೆ ಎರಡು, ಸೋತೆವು.

ಆಟ ಮುಗಿದದ್ದೇ ಜಬೀನಾ ಮಂಡಿಗೆ ಐಸು ಒತ್ತಿಕೊಂಡು ನನ್ನ ಬಳಿ ಬಂದಳು. “ಲೆಕ್ಕ ಸರಿ ಇತ್ತಲ್ವಾ ಅಕ್ಕ?”

“ಸರಿ ಇತ್ತು.”

“ನನ್ನ ಮೂವತ್ತರಿಂದ ಆಗಿದ್ದಾ?”

“ನಿನ್ನಿಂದಲ್ಲ ಜಬೀನಾ. ನಿನ್ನ ಸಹಿಗೇನೂ ಆಗಲ್ಲ.” ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಾಗಲಿಲ್ಲ.

ಕೊಟ್ರೇಶಪ್ಪನವರು ಎಲ್ಲರೂ ಸಂಜೆ ಕ್ಲಬ್ಬಿಗೆ ಬರಬೇಕು, ಮಾತು ಕೊಟ್ಟವರು ಯಾರೆಂದು ಇವತ್ತೇ ಗೊತ್ತಾಗಬೇಕು, ಪುಸ್ತಕದವಳು ಮೊದಲು ಬರಬೇಕು ಎಂದರು. “ಸಂಜೆ ಆಗಲ್ಲ ಸಾವ್ಕಾರ್ರೆ, ಮನೇಲಿ ಕೆಲಸ ಐತೆ,” ಎಂದೆ. ಅವರು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ಪುಸ್ತಕ ಇನ್ನು ಎಷ್ಟು ದಿನ ನನ್ನ ಬಳಿ ಇರುತ್ತದೋ ಗೊತ್ತಿಲ್ಲ.

ಹೇಮಿ ಕುಂಟುತ್ತ ಮನೆಗೆ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಬಂದು ಗೋಡೆಗೊರಗಿ ಕಾಲು ಚಾಚಿದಳು. ಅವಳ ಪಾದಕ್ಕೆ ಬಿಸಿನೀರು ಹಾಕುತ್ತ ಅವಳಪ್ಪನ ವಿಷಯ ಹೇಳಿದೆ. ಅವಳು ಕೇಳಿರಲಿಲ್ಲ, ಯಾವ ಚೆಂಡೂ ಅದಕ್ಕಾಗಿ ಕಾದಿರಲಿಲ್ಲ. ಅದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಇರಲಿಲ್ಲವೆಂಬುದೇ ಹೇಳಲು ಕಷ್ಟವಾಗಿತ್ತು. ಅವನಿಗೆ ಅಲ್ಲಿ ಹೆಚ್ಚು ಹಗುರವೆನಿಸಿತ್ತು, ಅಷ್ಟೆ. ಅವಳು ಎರಡು ಪ್ರಶ್ನೆ ಕೇಳಿದಳು. ಒಂದಕ್ಕೆ ಉತ್ತರ ಗೊತ್ತಿತ್ತು.

ಆಗ ಸಣ್ಣೀರಪ್ಪ ಬಂದ. ತಲೆಗೆ ಟವೆಲ್ಲು ಸುತ್ತಿಕೊಂಡು, ದಿಕ್ಕು ತಪ್ಪಿದವನಂತೆ ಹೊಸಿಲ ಬಳಿ ಕೂತ. “ಎಲ್ಲರೂ ದೀಪ ಹಿಡ್ಕೊಂಡು ಗ್ರೌಂಡಿಗೆ ಹೋದ್ವಿ ಅಕ್ಕ. ಬಾಲಿಟ್ರೆ ನಿಂತುಬಿಡ್ತು. ಮಧ್ಯಾಹ್ನ ಹಂಗೆ ಓಡಿದ್ದು ಈಗ ನಿಂತೈತೆ. ಸಾವ್ಕಾರ್ರು ನನ್ನ ಕಣ್ಣೇ ಸರಿ ಇಲ್ಲ ಅಂತಾರೆ. ಇದೇನಕ್ಕ ಇದು? ನನಗೆ ಒಂದೂ ತಿಳೀವಲ್ದು.”

ಅವನ ಮುಂದೆ ರೊಟ್ಟಿಯ ತಟ್ಟೆ ಇಟ್ಟೆ. ಹಿಂದಿನಿಂದ ಹೇಮಿಯ ದನಿ ಬಂತು. ನಿದ್ದೆಯ ದನಿ.

“ಅಮ್ಮಾ, ಮುಂದಿನ ಭಾನುವಾರ ಆ ಕೊನೇ ಸ್ಟಾಪಿಗೆ ಇನ್ನೊಂದ್ಸಲ ಹೋಗೋಣ್ವಾ? ಬುತ್ತಿ ಕಟ್ಕೊಂಡು.”

ಸಣ್ಣೀರಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅವನು ಹೇಮಿಯನ್ನು ನೋಡಿದ, ನನ್ನನ್ನು ನೋಡಿದ. ನಲವತ್ತು ವರ್ಷ ಆ ಹುಲ್ಲಿನ ಮೇಲೆ ಚೆಂಡಿಟ್ಟವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನೋಡಣ ಎಂಬ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ.

“ಹೋಗೋಣ,” ಎಂದೆ.

ಸಣ್ಣೀರಪ್ಪ ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು, ನನ್ನ ಮುಖ ನೋಡದೆ ಹೇಳಿದ.

“ಬಾಲು ಒಂದೆರಡು ಗೇಣು ಹೋಗಬೋದು. ಹುಲ್ಲು ಉದ್ದ ಇದ್ರೆ ತಡೀತೈತೆ. ಈ ವಾರ ಹುಲ್ಲು ಕೊಯ್ಯಲ್ಲ ಬಿಡಕ್ಕ.”